ಪಿಕಪ್ ಟ್ರಕ್ಕಿನ ಮುಂಭಾಗದ ಹಿಚ್: ಎಳೆಯುವ ಅಂಕಿಯೊಂದನ್ನೇ ನೋಡಿ ಕೊಳ್ಳಬಾರದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಪಿಕಪ್ ಟ್ರಕ್ಕುಗಳ ಪರಿಕರಗಳ ಬಗ್ಗೆ ಇತ್ತೀಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮುಂಭಾಗದಲ್ಲಿ ಜೋಡಿಸುವ ಟ್ರೈಲರ್ ಹಿಚ್, ಎಂದರೆ ಟ್ರೈಲರನ್ನು ವಾಹನಕ್ಕೆ ಕಟ್ಟುವ ಕೊಂಡಿಯ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದನ್ನು ನಾನು ಕಂಡಿರಲಿಲ್ಲವಾದ್ದರಿಂದ ಸಂತೋಷವೂ ಆಯಿತು. ಆದರೆ ಮುಂದಿನ ಹಿಚ್ ಕೂಡ ಹಿಂದಿನದರಷ್ಟೇ ಭಾರ ತಡೆಯುತ್ತದೆ, ಕೊಳ್ಳುವಾಗ ಅತಿ ಹೆಚ್ಚು ಪೌಂಡ್ ನಮೂದಾಗಿರುವುದನ್ನು ಆರಿಸಿಕೊಂಡರೆ ಸಾಕು ಎಂಬ ಅರ್ಥ ಬರುವ ಎರಡು ವಾಕ್ಯಗಳು ಅದರಲ್ಲಿದ್ದವು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿ, ಪಿಕಪ್‌ಗೆ ಮುಂದೊಂದು ಹಿಂದೊಂದು ಹಿಚ್ ಹಾಕಿಸಿಕೊಂಡು ಏಳು ವರ್ಷಗಳಿಂದ ದೋಣಿಯ ಟ್ರೈಲರನ್ನು ಸಾಗಿಸುತ್ತಿರುವ ನನಗೆ ಆ ಮಾತು ಅಪಾಯಕಾರಿ ಎನಿಸಿದ್ದರಿಂದ, ಸ್ವಲ್ಪ ದೀರ್ಘವಾದರೂ ಸರಿಯೆಂದು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಕಡೆಯ ಕನ್ನಡಿಗರ ಮನೆಗಳ ಮುಂದೆ ಈಗ ಕಾರಿನ ಪಕ್ಕದಲ್ಲಿ ಪಿಕಪ್, ಪಿಕಪ್‌ನ ಹಿಂದೆ ದೋಣಿಯೋ ಕ್ಯಾಂಪರೋ ನಿಂತಿರುವುದು ಸಾಮಾನ್ಯವಾಗಿದೆ. ಅವರಲ್ಲಿ ಹಲವರು ತಮ್ಮ ಪತ್ರಿಕೆಯನ್ನು ಅಂತರಜಾಲದಲ್ಲಿ ಓದುವವರು.

ಮೊದಲು, ಇದು ಯಾವ ವಸ್ತು ಎಂಬುದನ್ನು ಹೇಳಬೇಕು. ಹಿಂದಿನ ಹಿಚ್ಚಿನಂತೆಯೇ ಇದೂ ಎರಡು ಇಂಚಿನ ಚೌಕಾಕಾರದ ಉಕ್ಕಿನ ಕೊಳವೆ. ಇದಕ್ಕೆ ರಿಸೀವರ್ ಎನ್ನುತ್ತಾರೆ. ಮುಂಭಾಗದ ಬಂಪರ್ ಕೆಳಗೆ ಅಡ್ಡಲಾಗಿ ಕೂರುವ ಒಂದು ತೊಲೆಗೆ ಈ ಕೊಳವೆಯನ್ನು ಬೆಸೆದಿರುತ್ತಾರೆ, ಆ ತೊಲೆಯ ಎರಡು ತುದಿಗಳನ್ನು ಟ್ರಕ್ಕಿನ ಚಾಸಿಗೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಕೊಳವೆಯೊಳಗೆ ಬಾಲ್ (ಟ್ರೈಲರಿನ ತುದಿ ಕೂರುವ ಉಕ್ಕಿನ ಗುಂಡು) ಇರುವ ಸರಳನ್ನು ತೂರಿಸಿ, ಅಡ್ಡಲಾಗಿ ಐದು ಎಂಟಾಂಶ ಇಂಚು ದಪ್ಪದ ಪಿನ್ ಹಾಕಿದರೆ ಟ್ರೈಲರ್ ಜೋಡಿಸಲು ಸಿದ್ಧ. ಅದೇ ಕೊಳವೆಯಲ್ಲಿ ಹಗ್ಗ ಸುತ್ತಿ ಭಾರ ಎಳೆಯುವ ವಿಂಚ್ ಯಂತ್ರ ಕೂರಿಸಬಹುದು, ಸ್ಟೆಪ್ನಿ ಚಕ್ರ ತೂಗುಹಾಕಬಹುದು, ಸಾಮಾನು ಇಡುವ ತಟ್ಟೆ ಸಿಕ್ಕಿಸಬಹುದು, ಮನೆಯ ಅಂಗಳದ ಹಿಮ ತಳ್ಳುವ ಸಣ್ಣ ಹಲಗೆಯನ್ನೂ ಕಟ್ಟಬಹುದು.

ಹಾಗಿದ್ದರೆ ಹಿಂದೆ ಒಂದು ಹಿಚ್ ಇರುವಾಗ ಮುಂದೊಂದು ಏಕೆ? ಟ್ರೈಲರನ್ನು ರಸ್ತೆಯಲ್ಲಿ ಎಳೆದುಕೊಂಡು ಹೋಗುವುದಕ್ಕಂತೂ ಅಲ್ಲ. ಅದನ್ನು ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸುವುದಕ್ಕೆ ಮತ್ತು ಕೆರೆಗೆ ಇಳಿಸುವುದಕ್ಕೆ. ನಮ್ಮ ಮನೆಯ ಗೋಡೆಗೂ ನೆರೆಯವರ ಬೇಲಿಗೂ ನಡುವೆ ಇರುವ ಓಣಿ ದೋಣಿಯ ಟ್ರೈಲರ್‌ಗಿಂತ ಎರಡು ಅಡಿಯಷ್ಟೇ ಅಗಲ. ಮೊದಲ ಎರಡು ವರ್ಷ ನಾನು ಕತ್ತು ಹೊರಳಿಸಿಕೊಂಡು, ಎರಡೂ ಕನ್ನಡಿಗಳನ್ನು ನೋಡುತ್ತಾ, ಹೆಂಡತಿಯನ್ನು ಹಿಂದೆ ನಿಲ್ಲಿಸಿ ಆಕೆಯ ಕೈಸನ್ನೆ ಹಿಡಿದು ಹಿಮ್ಮುಖವಾಗಿ ನುಗ್ಗಿಸುತ್ತಿದ್ದೆ. ಒಮ್ಮೆ ಬೇಲಿಯ ಎರಡು ಪಟ್ಟಿಗಳು ಮುರಿದವು. ಮುಂದಿನ ಹಿಚ್ ಬಂದ ಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ಟ್ರೈಲರ್ ಕಣ್ಣೆದುರಿಗಿರುತ್ತದೆ, ಎರಡು ಚಕ್ರಗಳೂ ಕಾಣುತ್ತವೆ. ತಿರುಗುವ ಚಕ್ರಗಳು ಬಾಲ್‌ಗೆ ಹತ್ತಿರದಲ್ಲೇ ಇರುವುದರಿಂದ ಸ್ಟೀರಿಂಗನ್ನು ಅಂಗೈ ಅಗಲ ತಿರುಗಿಸಿದರೂ ಟ್ರೈಲರ್ ಕೂಡಲೇ ಸ್ಪಂದಿಸುತ್ತದೆ. ಒಂದು ಮಾತು ಮಾತ್ರ ನೆನಪಿರಬೇಕು: ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರಿನ ಆಚೆ ತುದಿ ಎಡಕ್ಕೇ ಹೋಗುತ್ತದೆ. ಮುಂದೆ ಕಟ್ಟಿದ ಮಾತ್ರಕ್ಕೆ ಈ ತಿರುಗುಮುರುಗು ತಪ್ಪುವುದಿಲ್ಲ. ಅದು ಕಣ್ಣಿಗೆ ಕಾಣುತ್ತದೆ ಅಷ್ಟೆ, ಮತ್ತು ಕಂಡದ್ದನ್ನು ತಿದ್ದಿಕೊಳ್ಳುವುದು ಸುಲಭ. ಫೋರ್ಡ್ ಕಂಪನಿ 2016ರ ಮಾದರಿಯ ಎಫ್-150ರಲ್ಲಿ ಒಂದು ಗುಂಡಿಯನ್ನು ತಿರುಗಿಸಿದರೆ ಟ್ರೈಲರ್ ಅತ್ತ ಹೋಗುವಂತೆ ಸ್ಟೀರಿಂಗ್ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ತಂದಿತು. ಅಂಥ ಸೌಲಭ್ಯ ಇರುವವರಿಗೆ ಅಂಗಳದಲ್ಲಿ ನಿಲ್ಲಿಸುವುದಕ್ಕಾಗಿ ಮುಂದಿನ ಹಿಚ್ ಅಷ್ಟು ಅವಶ್ಯಕವಲ್ಲ ಎಂದು ನಾನು ಒಪ್ಪುತ್ತೇನೆ. ಹಳೆಯ ಟ್ರಕ್ ಇರುವವರ ಮಾತು ಬೇರೆ.

ಇನ್ನು ಭಾರದ ವಿಷಯ. ಲೇಖನ ಎಡವಿರುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎತ್ತಿನ ಗಾಡಿ ಕಟ್ಟಿದವರಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳನ್ನು ವಿವರಿಸಬೇಕಾಗಿಲ್ಲ. ಹೇರು ಮುಂದಕ್ಕೆ ಬಿದ್ದರೆ ಮೂಕಿ ಕುಸಿದು ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ನೊಗ ಕೊರಳಿಗೆ ಬಿಗಿಯುತ್ತದೆ. ಟ್ರೈಲರಿಗೂ ಒಂದು ಮೂಕಿ ಇದೆ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಆ ಮೂಕಿಯ ತುದಿಯಲ್ಲಿ ಕೆಳಮುಖವಾಗಿ ಬಾಲ್ ಮೇಲೆ ಕೂರಬೇಕೆಂಬುದು ಇಲ್ಲಿನ ರೂಢಿ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಓಲಾಡತೊಡಗುತ್ತದೆ. ನನ್ನ ದೋಣಿ, ಅದರ ಎಂಜಿನ್, ಪೆಟ್ರೋಲು ಮತ್ತು ಟ್ರೈಲರ್ ಎಲ್ಲ ಸೇರಿ ಸುಮಾರು 3000 ಪೌಂಡ್, ಎಂದರೆ 1360 ಕಿಲೋ. ಬಾಲ್ ಮೇಲೆ ಬೀಳುವ ಭಾರ 300 ಪೌಂಡ್.

ಮುಂಭಾಗದ ಹಿಚ್ಚಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಅಂಕಿಗಳಿರುತ್ತವೆ. ದೊಡ್ಡ ಅಕ್ಷರದಲ್ಲಿ ಕಾಣುವುದು ವಿಂಚ್ ಹಗ್ಗ ನೇರವಾಗಿ ಎಳೆದಾಗ ತಡೆಯುವ ಶಕ್ತಿ. ಹಲವು ಮಾದರಿಗಳಲ್ಲಿ ಇದು 9000 ಪೌಂಡ್. ಕೆಳಮುಖವಾಗಿ ಹೊರಬಹುದಾದ ಭಾರ ಚಿಕ್ಕ ಅಕ್ಷರದಲ್ಲಿರುತ್ತದೆ. ಅದು ಹಲವು ಮಾದರಿಗಳಲ್ಲಿ 500 ಪೌಂಡ್ ಮಾತ್ರ. ಮೊದಲನೆಯದನ್ನು ನೋಡಿ ಒಂಬತ್ತು ಸಾವಿರ ಪೌಂಡಿನ ಟ್ರೈಲರ್ ಕಟ್ಟಬಹುದೆಂದು ಭಾವಿಸಿದವರನ್ನು ನಾನು ನೋಡಿದ್ದೇನೆ. ಅದು ಕೆಸರಿನಲ್ಲಿ ಹೂತ ವಾಹನವನ್ನು ನೇರ ಸಾಲಿನಲ್ಲಿ ಎಳೆಯುವ ಲೆಕ್ಕವೇ ಹೊರತು ಟ್ರೈಲರಿನ ಲೆಕ್ಕವಲ್ಲ. ಹಗ್ಗ ಓರೆಯಾಗಿ ಎಳೆದರೆ ಆ ಅಂಕಿಯೂ ನಿಲ್ಲುವುದಿಲ್ಲ.

ಹಿಚ್ 500 ಪೌಂಡ್ ಹೊರುತ್ತದೆ, ನನ್ನದು 300, ಇನ್ನೇನು ತೊಂದರೆ ಎಂದು ಕೇಳಬಹುದು. ಟ್ರಕ್ಕಿನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಅದನ್ನು ಹೊರಬೇಕಲ್ಲ? ನನ್ನ ಟ್ರಕ್ಕಿನ ಎರಡು ಆಕ್ಸಲ್‌ಗಳ ನಡುವಿನ ಅಂತರ 145 ಇಂಚು. ಬಾಲ್ ಇರುವುದು ಮುಂದಿನ ಆಕ್ಸಲ್‌ನಿಂದ ಸುಮಾರು 40 ಇಂಚು ಮುಂದೆ. ಆಕ್ಸಲ್‌ನ ಆಚೆ ತೂಗುವ ಭಾರ ಏತದಂತೆ ವರ್ತಿಸುತ್ತದೆ. 300ನ್ನು 185ರಿಂದ ಗುಣಿಸಿ 145ರಿಂದ ಭಾಗಿಸಿದರೆ ಸುಮಾರು 383 ಬರುತ್ತದೆ. ಬಾಲ್ ಮೇಲೆ 300 ಪೌಂಡ್ ಇಟ್ಟರೆ ಮುಂದಿನ ಆಕ್ಸಲ್ ಹೊರುವುದು 383, ಹಿಂದಿನ ಆಕ್ಸಲ್‌ನಿಂದ ಹಗುರಾಗುವುದು 83. ಪಿಕಪ್‌ಗಳಲ್ಲಿ ಎಂಜಿನ್ ಮುಂದಿರುವುದರಿಂದ ಮುಂದಿನ ಆಕ್ಸಲ್ ಮೇಲೆ ಮೊದಲೇ ಸಾಕಷ್ಟು ಭಾರವಿರುತ್ತದೆ, ಹಿಂದಿನ ತೊಟ್ಟಿ ಖಾಲಿಯಿದ್ದರೆ ಹಿಂದಿನ ಚಕ್ರಗಳು ಮೊದಲೇ ಹಗುರ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಹೊರಬಹುದಾದ ಗರಿಷ್ಠ ಭಾರ ಬೇರೆ ಬೇರೆಯಾಗಿ ನಮೂದಾಗಿರುತ್ತದೆ. ಲಾರಿಗಳ ತೂಕದ ಸೇತುವೆಯ ಮೇಲೆ ಮುಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿ, ಆ ಚೀಟಿಯ ಅಂಕಿಯಿಂದ ಕಳೆದರೆ ಎಷ್ಟು ಉಳಿದಿದೆಯೆಂದು ತಿಳಿಯುತ್ತದೆ. ಹಿಚ್ ಕೊಳ್ಳುವ ಮೊದಲು ಈ ಒಂದು ಲೆಕ್ಕ ಮಾಡಿಕೊಳ್ಳಲೇಬೇಕೆಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಬಾಲ್ ಇರುವ ಸರಳು ಉದ್ದವಾದಷ್ಟೂ ಈ ಲೆಕ್ಕ ಕೆಡುತ್ತದೆ. ಹಾಗೆಂದು ತೀರಾ ಮೋಟು ಸರಳು ಹಾಕಿದರೆ ತಿರುವಿನಲ್ಲಿ ಟ್ರೈಲರಿನ ಮೂಕಿ ಬಂಪರಿನ ಮೂಲೆಗೆ ತಾಗುತ್ತದೆ.

ಆರಿಸಿಕೊಳ್ಳುವಾಗ ಎರಡನೆಯದಾಗಿ ನೋಡಬೇಕಾದದ್ದು ಹಿಚ್ ಎಲ್ಲಿ ಬಿಗಿಯುತ್ತದೆ ಎಂಬುದು. ಬಂಪರ್‌ಗೆ ಬೆಸುಗೆ ಹಾಕಿ ಕೂರಿಸುವುದು ಎಷ್ಟೇ ಅಗ್ಗವಾದರೂ ಬೇಡ. ಬಂಪರ್ ಎಂಬುದು ಬ್ರಾಕೆಟ್ ಮೇಲೆ ಕುಳಿತ ತೆಳು ತಗಡು, ಭಾರ ಹೊರಲು ಮಾಡಿದ್ದಲ್ಲ. ಚಾಸಿಗೇ ಬಿಗಿಯುವಂತೆ, ನಮ್ಮ ಟ್ರಕ್ಕಿನ ಮಾದರಿ ಮತ್ತು ವರ್ಷಕ್ಕೆಂದೇ ತಯಾರಾದ ಹಿಚ್ ಬೇಕು. ಒಂದೇ ಹೆಸರಿನ ಟ್ರಕ್ಕಿನಲ್ಲೂ ಬಂಪರ್ ಬೇರೆ, ಕೊಕ್ಕೆಗಳು ಬೇರೆ ಇರುವುದುಂಟು. ಎಷ್ಟೋ ಹಿಚ್‌ಗಳು ಕಾರ್ಖಾನೆಯ ಟೋ ಹುಕ್‌ಗಳಿದ್ದ ತೂತುಗಳನ್ನೇ ಬಳಸಿಕೊಳ್ಳುತ್ತವೆ, ಹಾಗಾಗಿ ಆ ಕೊಕ್ಕೆಗಳನ್ನು ಬಿಚ್ಚಬೇಕಾಗುತ್ತದೆ. ಕೆಲವಕ್ಕೆ ಚಾಸಿಯಲ್ಲಿ ಹೊಸ ತೂತು ಕೊರೆಯಬೇಕು, ಕೆಲವಕ್ಕೆ ಬಂಪರ್ ಕೆಳಗಿನ ಪ್ಲಾಸ್ಟಿಕ್ ಅಂಚನ್ನು ಕತ್ತರಿಸಬೇಕು. ಇವನ್ನೆಲ್ಲ ಜೋಡಣೆಯ ಕೈಪಿಡಿಯಲ್ಲಿ ಬರೆದಿರುತ್ತಾರೆ. ಹಣ ಕೊಡುವ ಮೊದಲೇ ಅದನ್ನು ತರಿಸಿಕೊಂಡು ಓದಬೇಕು. ಬೋಲ್ಟ್‌ಗಳನ್ನು ಅದರಲ್ಲಿ ಹೇಳಿದ ಅಳತೆಗೆ, ಬೇಕಾದ ಬಿಗಿತ ಬಂದಾಗ ಟಕ್ಕೆನ್ನುವ ಟಾರ್ಕ್ ರೆಂಚ್ ಹಿಡಿದೇ ಬಿಗಿಯಬೇಕು. ನಾನು ಕೆಲಸ ಒಪ್ಪಿಸಿದ ಒಂದು ಗ್ಯಾರೇಜಿನಿಂದ ಟ್ರಕ್ ತಂದು ಐವತ್ತು ಮೈಲಿ ಓಡಿಸಿದ ಮೇಲೆ, ಅಂಗಳದಲ್ಲಿ ರಟ್ಟು ಹಾಸಿಕೊಂಡು ಅಡಿಯಲ್ಲಿ ಮಲಗಿ ಒಂದೊಂದೇ ಬೋಲ್ಟನ್ನು ಪರೀಕ್ಷಿಸಿದಾಗ, ಎಡಗಡೆಯ ಹಿಂದಿನ ಬೋಲ್ಟ್ ಕಾಲು ಸುತ್ತು ತಿರುಗಿದ ಮೇಲೆ ರೆಂಚ್ ಟಕ್ಕೆಂದಿತು. ಉಳಿದ ಮೂರು ಕದಲಲಿಲ್ಲ. ಅಂದಿನಿಂದ ಪ್ರತಿ ವಸಂತದಲ್ಲೂ ದೋಣಿ ಹೊರತೆಗೆಯುವ ಮೊದಲು ನಾನೇ ಅಡಿಗೆ ಇಳಿಯುತ್ತೇನೆ.

ಮೂರನೆಯದು, ಹಿಚ್ಚಿನ ಆಸುಪಾಸಿನಲ್ಲಿ ಏನಿದೆ ಎಂಬುದು. ಹೊಸ ಪಿಕಪ್‌ಗಳ ಮುಂಭಾಗ ಬರಿಯ ತಗಡಲ್ಲ. ಅಲ್ಲಿ ಪಾರ್ಕಿಂಗ್ ಸೆನ್ಸರ್, ಮುಂದಿನ ವಾಹನದ ದೂರ ಅಳೆಯುವ ರೇಡಾರ್, ಕ್ಯಾಮೆರಾ ಇರುತ್ತವೆ, ಏರ್‌ಬ್ಯಾಗ್‌ಗೆ ಸೂಚನೆ ಕೊಡುವ ಸೆನ್ಸರ್‌ಗಳೂ ಮುಂಭಾಗದಲ್ಲೇ ಇರುತ್ತವೆ. ಟರ್ಬೊ ಎಂಜಿನ್ನಿನ ಕೆಲವು ಟ್ರಕ್ಕುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಂಪರಿನ ಕೆಳಗಿನ ತೆರಪಿನ ಹಿಂದೆಯೇ ಇರುವುದರಿಂದ ಅಲ್ಲಿ ಸಾಮಾನಿನ ತಟ್ಟೆ ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೋದರೆ ಗಾಳಿ ಸಿಗದೆ ಎಂಜಿನ್ ಬಿಸಿಯೇರುತ್ತದೆ. ಟ್ರಕ್ ತಯಾರಕರ ಕೈಪಿಡಿಯಲ್ಲಿ ಮುಂಭಾಗದ ಜೋಡಣೆಗಳ ಬಗ್ಗೆ ಏನು ಹೇಳಿದೆಯೆಂದು ನೋಡಬೇಕು. ಮಿನ್ನೆಸೋಟದಲ್ಲಿ ಮುಂದಿನ ನಂಬರ್ ಪ್ಲೇಟ್ ಕೂಡ ಕಡ್ಡಾಯ, ಅದು ಮರೆಯಾಗಬಾರದು. ಕೆಲಸ ಮುಗಿದ ಮೇಲೆ ಬಾಲ್ ಸರಳನ್ನು ಬಿಚ್ಚಿಡಬೇಕು. ಮೊಣಕಾಲಿನ ಮಟ್ಟದಲ್ಲಿ ಚಾಚಿಕೊಂಡಿರುವ ಕಬ್ಬಿಣ ಅಂಗಡಿಯ ಮುಂದೆ ಓಡಾಡುವ ಮಕ್ಕಳಿಗೆ ತಾಗಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ಕೊಳವೆಯೊಳಗೆ ಸೇರಿದರೆ ಸರಳು ಅಲ್ಲೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಆದ್ದರಿಂದ ಬಾಯಿಗೆ ರಬ್ಬರ್ ಮುಚ್ಚಳ ಹಾಕಿಡುವುದು ಒಳ್ಳೆಯದು.

ಕೆರೆಗೆ ದೋಣಿ ಇಳಿಸುವಾಗ ಮುಂದಿನ ಹಿಚ್ಚಿನ ಉಪಯೋಗ ನಿಜಕ್ಕೂ ದೊಡ್ಡದು. ಹಿಂದಿನ ಹಿಚ್‌ಗೆ ಕಟ್ಟಿ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿದರೆ ಟ್ರಕ್ಕಿನ ಹಿಂದಿನ ಚಕ್ರಗಳು ಪಾಚಿ ಕಟ್ಟಿದ ಒದ್ದೆ ಕಾಂಕ್ರೀಟಿನ ಮೇಲಿರುತ್ತವೆ, ಹೊಗೆ ಕೊಳವೆ ನೀರಿನ ಅಂಚಿಗೆ ಬರುತ್ತದೆ, ಮತ್ತು ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಸಾಮಾನ್ಯವಾಗಿ ಆ ಹಿಂದಿನ ಚಕ್ರಗಳನ್ನೇ. ಮುಂದೆ ಕಟ್ಟಿದರೆ ಹಿಂದಿನ ಚಕ್ರಗಳು ಮೇಲೆ ಒಣ ನೆಲದಲ್ಲಿ ಉಳಿಯುತ್ತವೆ, ದೋಣಿ ತೇಲುವ ಕ್ಷಣವೂ ಕಣ್ಣೆದುರೇ ಕಾಣುತ್ತದೆ. ಆದರೆ ಮೂತಿ ಕೆಳಗಾಗಿ ನಿಂತ ಟ್ರಕ್ಕಿನ ಭಾರವೆಲ್ಲ ಮುಂದಕ್ಕೆ ಜಾರುವುದರಿಂದ ಆ ಹಿಂದಿನ ಚಕ್ರಗಳು ಹಗುರಾಗಿರುತ್ತವೆ. ಕಡಿದಾದ ಇಳಿಜಾರಿನಲ್ಲಿ ಎರಡು ಚಕ್ರದ ಚಾಲನೆಯ ಖಾಲಿ ಟ್ರಕ್ ರಿವರ್ಸ್‌ನಲ್ಲಿ ಮೇಲೇರಲಾರದೆ ಚಕ್ರ ಸುತ್ತುವುದನ್ನು ಕಂಡಿದ್ದೇನೆ. ನಾಲ್ಕು ಚಕ್ರದ ಚಾಲನೆ ಇದ್ದರೆ ಉತ್ತಮ. ಚಕ್ರಗಳಿಗೆ ಅಡ್ಡ ಮರದ ಕಟ್ಟೆ ಇಡುವುದನ್ನು ಯಾವ ಕಾರಣಕ್ಕೂ ಮರೆಯಬಾರದು, ಏಕೆಂದರೆ ಈ ಬಾರಿ ನೀರಿನ ಕಡೆ ಇರುವುದು ಎಂಜಿನ್.

ಯಾವ ಅಂಗಡಿಯವರೂ ನನಗೆ ಹೇಳದೇ ಹೋದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕು. ಮೊದಲ ಬಾರಿ ಮುಂದಿನ ಹಿಚ್‌ಗೆ ದೋಣಿ ಕಟ್ಟಿ ನಮ್ಮ ಓಣಿಗೆ ತಳ್ಳಿದಾಗ, ಜಲ್ಲಿ ಹಾಕಿದ ಸಣ್ಣ ಏರಿನಲ್ಲಿ ಟ್ರೈಲರ್ ಇದ್ದಕ್ಕಿದ್ದಂತೆ ಬಿಗಿಯಿತು. ಚಕ್ರಗಳು ಉರುಳದೆ ಜಲ್ಲಿಯನ್ನು ಉಳುತ್ತಾ ಎರಡು ಸಾಲು ಎಳೆದವು, ಟ್ರಕ್ಕಿನ ಮೂತಿ ಎದ್ದಿತು, ಹಿಚ್ ಬಾಗಿತೆಂದೇ ಹೆದರಿ ನಿಲ್ಲಿಸಿದೆ. ಹಿಚ್‌ಗೆ ಏನೂ ಆಗಿರಲಿಲ್ಲ. ದೋಣಿಯ ಟ್ರೈಲರ್‌ಗಳಲ್ಲಿ ಬಹಳಷ್ಟಕ್ಕೆ ಸರ್ಜ್ ಬ್ರೇಕ್ ಇರುತ್ತದೆ: ಎಳೆಯುವ ವಾಹನ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತಿ, ಮೂಕಿಯ ತುದಿಯಲ್ಲಿರುವ ಕೊಳವೆ ಒಳಸರಿದು, ಆ ಒತ್ತಡದಿಂದಲೇ ಬ್ರೇಕ್ ಹಿಡಿಯುತ್ತದೆ. ಮುಂದೆ ಕಟ್ಟಿ ತಳ್ಳಿದಾಗಲೂ ಆ ಕೊಳವೆ ಹಾಗೆಯೇ ಒಳಸರಿಯುತ್ತದೆ, ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ. ಹಿಂದಿನ ಹಿಚ್‌ನಲ್ಲಿ ರಿವರ್ಸ್ ಹಾಕಿದಾಗ ಐದು ತಂತಿಯ ಪ್ಲಗ್ ಮೂಲಕ ರಿವರ್ಸ್ ದೀಪದ ವಿದ್ಯುತ್ ಟ್ರೈಲರಿಗೆ ಹೋಗಿ ಬ್ರೇಕನ್ನು ಬಿಡಿಸುತ್ತದೆ. ಮುಂಭಾಗದಲ್ಲಿ ಆ ಪ್ಲಗ್ಗೇ ಇರುವುದಿಲ್ಲ. ನನ್ನ ಟ್ರೈಲರಿನಲ್ಲಿ ಕೊಳವೆ ಒಳಸರಿಯದಂತೆ ತಡೆಯುವ ಒಂದು ಪಿನ್ ಸಿಕ್ಕಿಸಲು ಜಾಗವಿತ್ತು. ತಳ್ಳುವ ಮೊದಲು ಅದನ್ನು ಹಾಕಬೇಕು. ರಸ್ತೆಗೆ ಇಳಿಯುವ ಮೊದಲು ನೆನಪಿಟ್ಟು ತೆಗೆಯಲೇಬೇಕು, ಇಲ್ಲದಿದ್ದರೆ ಟ್ರೈಲರಿಗೆ ಬ್ರೇಕೇ ಇರುವುದಿಲ್ಲ. ನಾನು ಆ ಪಿನ್‌ಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿ, ಬಳಸದಿರುವಾಗ ಅದನ್ನು ಟ್ರಕ್ಕಿನ ಕೀಲಿಯ ಜೊತೆಗೆ ಇಟ್ಟಿರುತ್ತೇನೆ; ಕೀಲಿಯ ಜೊತೆ ಪಿನ್ ಇಲ್ಲವೆಂದರೆ ಅದು ಇನ್ನೂ ಟ್ರೈಲರಿನಲ್ಲಿದೆ ಎಂದರ್ಥ.

ಬ್ರೇಕಿಗೆ ವಿದ್ಯುತ್ ಇಲ್ಲ, ಟ್ರೈಲರಿನ ದೀಪಗಳಿಗೂ ಸಂಪರ್ಕ ಇಲ್ಲ, ಎದುರಿನ ನೋಟಕ್ಕೆ ದೋಣಿ ಅಡ್ಡ. ಇವೇ ಕಾರಣಗಳಿಂದ ಮುಂದೆ ಕಟ್ಟಿದ ಟ್ರೈಲರನ್ನು ಸಾರ್ವಜನಿಕ ರಸ್ತೆಗೆ ಒಯ್ಯಲೇಬಾರದು. ಅಂಗಳದಲ್ಲೂ ನಡಿಗೆಯ ವೇಗ ಮೀರಬಾರದು. ಇನ್ನೊಂದು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು: ಹೂತುಹೋದ ವಾಹನವನ್ನು ಎಳೆಯಲು ಹಗ್ಗವನ್ನು ಬಾಲ್‌ಗೆ ಸುತ್ತಬಾರದು. ಬಾಲ್ ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಅದಕ್ಕೆಂದೇ ರಿಸೀವರಿನೊಳಗೆ ತೂರಿಸುವ, ಶ್ಯಾಕಲ್ ಎಂಬ ಗಟ್ಟಿ ಕೊಂಡಿ ಇರುವ ಉಕ್ಕಿನ ತುಂಡು ಸಿಗುತ್ತದೆ.

ಕರ್ನಾಟಕದಲ್ಲಿರುವ ಓದುಗರಿಗೂ ಒಂದು ಮಾತು. ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ಗಳು ಅಲ್ಲಿಗೂ ಬಂದಿರುವುದರಿಂದ ಲೇಖನ ಓದಿದ ಕೆಲವರಿಗೆ ಇಂಥದೊಂದನ್ನು ಸ್ಥಳೀಯವಾಗಿ ಮಾಡಿಸಿಕೊಳ್ಳುವ ಮನಸ್ಸಾಗಿರಬಹುದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ವಾಹನಗಳ ಮುಂದೆ ಅನಧಿಕೃತವಾಗಿ ಅಳವಡಿಸುವ ಬುಲ್ ಬಾರ್ ಎಂಬ ಲೋಹದ ರಕ್ಷಣಾ ಚೌಕಟ್ಟುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತ್ತು. ಅದಕ್ಕೆ ಆಧಾರವಾಗಿ ತೋರಿಸಿದ್ದು ವಾಹನದ ಮೂಲ ವಿನ್ಯಾಸವನ್ನು ಬದಲಿಸುವುದನ್ನು ನಿರ್ಬಂಧಿಸುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು. ಚಾಸಿಗೆ ತೂತು ಕೊರೆದು ಮುಂದಕ್ಕೆ ಚಾಚುವ ಕಬ್ಬಿಣವನ್ನು ಕೂರಿಸುವ ಮೊದಲು ತಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಸಾಧ್ಯವಾದರೆ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳುವುದು ಕ್ಷೇಮ.

ಲೇಖನದ ಆ ಎರಡು ವಾಕ್ಯಗಳಿಗೆ ಬದಲಾಗಿ, ಮುಂಭಾಗದ ಹಿಚ್ ಕೊಳ್ಳುವವರು ಅದರ ಕೆಳಮುಖ ಭಾರದ ಮಿತಿಯನ್ನೂ ತಮ್ಮ ಟ್ರಕ್ಕಿನ ಮುಂದಿನ ಆಕ್ಸಲ್‌ನ ಮಿತಿಯನ್ನೂ ನೋಡಿಯೇ ನಿರ್ಧರಿಸಬೇಕೆಂಬ ತಿದ್ದುಪಡಿಯನ್ನು ಮುಂದಿನ ವಾಹನ ಪುಟದಲ್ಲಿ, ಸಾಧ್ಯವಾದರೆ ಬಾಗಿಲ ಚೌಕಟ್ಟಿನ ಚೀಟಿಯ ಒಂದು ಚಿತ್ರದೊಂದಿಗೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ
ಮಿನ್ನೆಸೋಟ, ಅಮೆರಿಕ